ಎರೆಮಣ್ಣಿನಲ್ಲಿ ಗುಂಡಿ ಬೇಡ: ನಮ್ಮ ಓಣಿಯ ಕಸದ ಲೆಕ್ಕ

ಕಲಬುರಗಿಯ ಬಿಸಿಲಿಗೆ ಹಸಿ ಕಸ ಗೊಬ್ಬರ ಆಗುವುದಿಲ್ಲ, ಒಣಗಿ ಹಪ್ಪಳವಾಗುತ್ತದೆ ಎಂದವರೇ ಈಗ ನಮ್ಮ ಓಣಿಯ ಗೊಬ್ಬರಕ್ಕೆ ಚೀಲ ಹಿಡಿದು ಬರುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಹಣದ ಮಾತು. ಪಾಲಿಕೆಯ ವಾಹನ ಬರುವ ಹೊತ್ತಿಗೆ ನಮ್ಮಲ್ಲಿ ಅರ್ಧ ಮನೆಗಳಿಗೆ ಬೀಗ. ಹಾಗಾಗಿ ಇಪ್ಪತ್ತು ಚಿಲ್ಲರೆ ಮನೆಯವರು ತಳ್ಳುಗಾಡಿಯವನೊಬ್ಬನಿಗೆ ತಿಂಗಳಿಗೆ ತಲಾ 100 ರೂಪಾಯಿ ಕೊಡುತ್ತಿದ್ದೆವು. ಅವನು ಬಾಟಲಿ, ರಟ್ಟು ಆರಿಸಿ ಗುಜರಿಗೆ ಹಾಕಿ, ಉಳಿದದ್ದನ್ನು ಹಿಂದಿನ ಖಾಲಿ ನಿವೇಶನದಲ್ಲೇ ಸುರಿಯುತ್ತಿದ್ದ. ನಮ್ಮ ಹಿತ್ತಲಲ್ಲಿ ತಿಪ್ಪೆ ಬೆಳೆಸಲು ನಾವೇ ಎರಡು ಸಾವಿರಕ್ಕೂ ಮಿಕ್ಕಿ ಸಂಬಳ ಕೊಟ್ಟಂತಾಯಿತು! ಟ್ರ್ಯಾಕ್ಟರ್ ಹಚ್ಚಿ ಎತ್ತಿಸಿದರೆ ಸಲಕ್ಕೆ ಐದಾರು ಸಾವಿರ, ತಿಂಗಳೊಳಗೆ ಮತ್ತದೇ. ದೇವರ ಚಿತ್ರದ ಟೈಲ್ಸ್ ಹಚ್ಚಿಸಿದೆವು, ಯಾರೋ ಕಿತ್ತುಕೊಂಡು ಹೋದರು.

ಒಣ ಕಸಕ್ಕೆ ಬೆಲೆಯಿದೆ, ಗುಜರಿಯವರು ಮನೆಗೇ ಬರುತ್ತಾರೆ. ಗೋಳೆಲ್ಲ ಹಸಿ ಕಸದ್ದು. ಅದು ಓಣಿ ದಾಟಬಾರದು ಎಂದು ಹಟ ಹಿಡಿದೆ.

ಹಿರಿಯರೆಲ್ಲ ಗುಂಡಿ ತೋಡಿ ಎಂದರು, ತೋಡಿಸಿದೆವು. ಎರೆಮಣ್ಣು, ಅಂದರೆ ನಮ್ಮ ಕಡೆಯ ಕಪ್ಪು ಜಿಗುಟು ಮಣ್ಣು, ನೀರು ಬಸಿಯಲು ಬಿಡುವುದಿಲ್ಲ. ಮಳೆ ಹಿಡಿದದ್ದೇ ತಡ, ಓಣಿಯೆಲ್ಲ ನಾರಿತು. ಬೇಸಿಗೆಯ ಬಿರುಕುಗಳಲ್ಲಿ ಹೆಗ್ಗಣ ಸೇರಿದವು. ಕೊನೆಗೆ ನೆಲದ ಮೇಲೆಯೇ ಶಹಾಬಾದ್ ಕಲ್ಲಿನ ತುಂಡು ನಿಲ್ಲಿಸಿ, ಬೆರಳು ತೂರುವಷ್ಟು ಸಂದು ಬಿಟ್ಟು ಎರಡು ತೊಟ್ಟಿ ಮಾಡಿದೆ. ಒಡೆದ ಕಲ್ಲು ಪುಕ್ಕಟೆ. ತರುವ ಬಾಡಿಗೆ ಸಾವಿರದ ಆಸುಪಾಸು.

ತೊಟ್ಟಿಯಲ್ಲಿ ಹಸಿ ಕಸದ ಮೇಲೆ ಹಾಸುವ ಒಣ ಪದರಕ್ಕೆ ತೆಂಗಿನ ನಾರಿನ ಪುಡಿ ಕೊಳ್ಳಬೇಡಿ, ಅದು ಬೆಂಗಳೂರಿನವರಿಗಿರಲಿ. ತೊಗರಿಯ ನಾಡಿನಲ್ಲಿ ದಾಲ್ ಮಿಲ್‌ಗೆ ಬರವೇ? ದನ ತಿನ್ನುವ ಹೊಟ್ಟು ದುಬಾರಿ; ಮಣ್ಣು ಬೆರೆತದ್ದನ್ನು ಕೇಳಿ, ಚೀಲಕ್ಕೆ ಇಪ್ಪತ್ತು ಮೂವತ್ತು. ಯಾವ ಮಿಲ್ ಎಂದು ಹೇಳುವುದಿಲ್ಲ, ಬೆಲೆ ಏರಿಸಿಬಿಡುತ್ತಾರೆ.

ಮೇ ತಿಂಗಳಲ್ಲಿ 42 ಡಿಗ್ರಿ ದಾಟಿದಾಗ ನೀರು ಚಿಮುಕಿಸಿದರೆ ಮೇಲಷ್ಟೇ ತೊಯ್ದು ಒಡಲು ಒಣಗಿರುತ್ತದೆ. ರಾಶಿಯ ನಡುವೆ ಮಣ್ಣಿನ ಮಡಕೆ ಹೂತು, ಅಕ್ಕಿ, ಬೇಳೆ ತೊಳೆದ ನೀರು ತುಂಬಿಸುತ್ತೇನೆ. ಅದು ತಾನಾಗಿಯೇ ಜಿನುಗುತ್ತದೆ. ಹುಳಿ ಮಜ್ಜಿಗೆಯನ್ನು ಯಾವಾಗ, ಎಷ್ಟು ಹಾಕಬೇಕೆಂಬುದು ನನ್ನಲ್ಲೇ ಇರಲಿ. ಬೇವಿನ ಸೊಪ್ಪನ್ನೂ ಹಾಕಿ ನೋಡಿದೆ: ನೊಣ ಕಡಿಮೆಯಾದವು, ಕೊಳೆಯುವುದೂ ನಿಧಾನವಾಯಿತು.

ಈಗ ಮನೆಗೆ 30 ರೂಪಾಯಿ. ವಾರಕ್ಕೊಮ್ಮೆ ರಾಶಿ ಮಗುಚುವವನು ಅದೇ ತಳ್ಳುಗಾಡಿಯವನು, ಕೂಲಿಯೂ ಅವನಿಗೇ. ಡೈಪರ್, ಪ್ಯಾಡ್ ಮಾತ್ರ ಕಾಗದದಲ್ಲಿ ಸುತ್ತಿ ಪಾಲಿಕೆಯ ವಾಹನಕ್ಕೆ. ರಾತ್ರೋರಾತ್ರಿ ಒಡೆದ ಇಟ್ಟಿಗೆ, ಗಾರೆ ತಂದು ಸುರಿಯುವ ಟ್ರ್ಯಾಕ್ಟರಿನವರಿಗೆ ನನ್ನ ತೊಟ್ಟಿಯಲ್ಲಿ ಮದ್ದಿಲ್ಲ. ಹೈದರಾಬಾದಿನಲ್ಲಿರುವ ನಿವೇಶನದ ಮಾಲೀಕರು ತಂತಿಬೇಲಿ ಹಾಕಿಸಬೇಕು. ಫೋನ್ ಮಾಡುತ್ತಲೇ ಇದ್ದೇನೆ.