ನಾಲ್ಕನೇ ಫ್ರೇಮು ದೇವರಾಯನದುರ್ಗ ಹತ್ತಿತು

ಅಂತೂ ನಾನೇ ಮನೆಯಲ್ಲಿ ಮಾಡಿದ ನಾಲ್ಕನೇ ಸೈಕಲ್ ಫ್ರೇಮು ನಿಂತಿತು. ಆರು ತಿಂಗಳಿಂದ ಭಾನುವಾರ ಬಂದರೆ ತುಮಕೂರಿನಿಂದ ದೇವರಾಯನದುರ್ಗಕ್ಕೆ ಅದರಲ್ಲೇ ಹತ್ತುತ್ತಿದ್ದೇನೆ. ಎಲ್ಲೂ ಬಿರುಕಿಲ್ಲ. "ಹಿತ್ತಾಳೆ ಹಾಕಿ ಅಂಟಿಸಿದ್ರೆ ಸೈಕಲ್ ನಿಲ್ಲುತ್ತೇನಪ್ಪಾ, ಸುಮ್ನೆ ವೆಲ್ಡಿಂಗ್ ಹೊಡೆಸು" ಅಂದವರೇ ಈಗ ಬಂದು ಜಾಯಿಂಟ್ ಸವರಿ ನೋಡುತ್ತಾರೆ.

ವೆಲ್ಡಿಂಗನ್ನೂ ಹೊಡೆಸಿ ನೋಡಿದ್ದೆ. ಮೊದಲನೇ ಫ್ರೇಮು ಕೊಟ್ಟಿದ್ದು ಗೇಟು, ಗ್ರಿಲ್ ಮಾಡುವ ಕೈಗೆ. ನನ್ನ ಕ್ರೋಮೋಲಿ (ಕ್ರೋಮಿಯಂ, ಮಾಲಿಬ್ಡಿನಂ ಬೆರೆತ ಉಕ್ಕು) ಪೈಪಿನ ದಪ್ಪ 0.9 ಮಿ.ಮೀ. ಆರ್ಕ್ ಮುಟ್ಟಿಸಿದ ಕೂಡಲೇ ತೂತು. ತೂತು ಮುಚ್ಚಲು ಇನ್ನೊಂದು ರಾಡು, ಅದರ ಪಕ್ಕ ಇನ್ನೊಂದು ತೂತು. ಪೈಪಿಗೇ ಸುಮಾರು 4,000 ರೂಪಾಯಿ ಹೋಗಿತ್ತು. ಆ ಫ್ರೇಮಿನ ಮೇಲೆ ಈಗ ಹೀರೇಕಾಯಿ ಬಳ್ಳಿ ಹಬ್ಬಿದೆ.

ಎರಡನೆಯದಕ್ಕೆ ಜಿಪುಣತನ ಮಾಡಿ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪು ತಂದೆ. ಸತುವಿನ ಹೊಗೆ ಕುಡಿದು ಆ ರಾತ್ರಿ ಚಳಿಜ್ವರ. ಆ ಪೈಪಿನ ಸಹವಾಸ ಅಲ್ಲಿಗೇ ಬಿಟ್ಟೆ.

ಮೂರನೆಯದನ್ನು ಹಿತ್ತಾಳೆ ಕರಗಿಸಿ ಬೆಸೆದೆ, ಅಂದರೆ ಬ್ರೇಜ್ ಮಾಡಿದೆ. ನೋಡಲು ಚೆನ್ನಾಗಿತ್ತು, ಅದಕ್ಕೇ ಹೊಟ್ಟೆ ಜಾಸ್ತಿ ಉರಿದಿದ್ದು. ಪೈಪಿಗೆ ಗಾಳಿ ಹೋಗುವ ತೂತು ಕೊರೆಯುವುದನ್ನು ಮರೆತಿದ್ದೆ. ಒಳಗಿನ ಗಾಳಿ ಕಾದು, ಕೊನೇ ಹನಿ ಹಿತ್ತಾಳೆಯನ್ನು ಪುಸ್ಸೆಂದು ಉಗಿದುಬಿಟ್ಟಿತು. ಅದನ್ನು ಹೇಗೋ ಮುಚ್ಚಿದೆ. ಆಮೇಲೆ ಬಿಬಿ ಕಪ್ಪು (ಪೆಡಲಿನ ಅಚ್ಚನ್ನು ಹಿಡಿಯುವ ಬಟ್ಟಲು) ತಿರುಗಿಸಲು ಹೋದರೆ ಮರೆಯೇ (ಥ್ರೆಡ್) ಹಿಡಿಯುತ್ತಿಲ್ಲ. ಎಡಮರೆ (ಎಡಕ್ಕೆ ತಿರುಗಿಸಿ ಬಿಗಿಯುವ ಥ್ರೆಡ್) ಇರಬೇಕಾದದ್ದು ಚೈನಿನ ಕಡೆ, ಅಲ್ವಾ? ನಾನು ಆ ಕಪ್ಪು ಕೂರುವ ಕೊಳವೆಯನ್ನೇ, ಅಂದರೆ ಶೆಲ್ಲನ್ನೇ, ಉಲ್ಟಾ ಕೂರಿಸಿ ಬ್ರೇಜ್ ಮಾಡಿದ್ದೆ! ಮೂರು ವಾರದ ಕೆಲಸ. ಈಗ ಶೆಲ್ ಕೈಗೆ ಬಂದ ತಕ್ಷಣ ಚೈನಿನ ಕಡೆಗೆ ಕೆಂಪು ಪೇಂಟ್ ಬಳಿಯುತ್ತೇನೆ.

ನಾಲ್ಕನೆಯದಕ್ಕೆ ಅವಸರ ಮಾಡಲಿಲ್ಲ. ಜಿಗ್ (ಪೈಪುಗಳನ್ನು ಅಳತೆಗೆ ಹಿಡಿಯುವ ಚೌಕಟ್ಟು) ಇಲ್ಲ, ಅಡುಗೆಮನೆ ಕಟ್ಟೆಗೆ ಹಾಕಿಸಿ ಉಳಿದಿದ್ದ ಗ್ರಾನೈಟ್ ತುಂಡೇ ನನ್ನ ಜಿಗ್. ಪೈಪಿನ ಬಾಯಿ ಅರ ಹಾಕುವುದಕ್ಕೇ ನಾಲ್ಕು ದಿನ ಹಿಡಿಯಿತು. ಜೋಡಿಸಿ ಹಿಂದೆ ಬಲ್ಬು ಹಿಡಿಯುತ್ತಿದ್ದೆ, ಕೂದಲೆಳೆಯಷ್ಟು ಬೆಳಕು ಕಂಡರೂ ಮತ್ತೆ ಅರ. ಸಂದಿಯನ್ನು ಹಿತ್ತಾಳೆ ತುಂಬುತ್ತೆ ಅನ್ನುವವರ ಮಾತು ನಂಬಬೇಡಿ. ಜಾಯಿಂಟಿಗೆ ಹಚ್ಚಿದ ಬಿಳಿಗಾರ ಕಾಯಿಸಿದಾಗ ಮೊದಲು ಉಬ್ಬುತ್ತದೆ, ಆಮೇಲೆ ಕರಗಿ ನೀರಿನ ಹಾಗೆ ತಿಳಿಯಾಗುತ್ತದೆ. ಹಿತ್ತಾಳೆ ಕಡ್ಡಿ ಮುಟ್ಟಿಸಬೇಕಾದ್ದು ಆಗ. ಪೈಪಿನ ಕಾವಿಗೇ ಅದು ಕರಗಬೇಕು, ಬೆಂಕಿಗಲ್ಲ.

ನಡುವೆ ಒಂದು ಹುಚ್ಚು. ಚೈನ್ ಸ್ಟೇ (ಪೆಡಲ್ ಕಡೆಯಿಂದ ಹಿಂದಿನ ಚಕ್ರಕ್ಕೆ ಹೋಗುವ ಪೈಪು) ನಾನೇ ಬಗ್ಗಿಸೋಣ ಅಂತ ಪೈಪಿಗೆ ಮರಳು ತುಂಬಿ, ಎರಡೂ ಕಡೆ ಮರದ ಬಿರಡೆ ಬಡಿದು ಕಾಯಿಸಿದೆ. ಮರಳು ಹಸಿ ಇತ್ತು. ಬಿರಡೆ ಹಾರಿ ಕಾಂಪೌಂಡ್ ಗೇಟಿಗೆ ಬಡಿಯಿತು. ಮುಂದಿನ ಸಲ ಬಾಣಲೆಯಲ್ಲಿ ಹುರಿದು ತುಂಬಿದೆ, ಒಂದು ಸುಕ್ಕಿಲ್ಲದೆ ಬಗ್ಗಿತು.

ಹಿಂದಿನ ಭಾಗ ನೇರವಿದೆಯಾ ಅಂತ ದಾರ ಕಟ್ಟಿ ನೋಡಿದಾಗ ಎರಡೂ ಕಡೆಯ ಅಂತರದಲ್ಲಿ ಒಂದು ಮಿ.ಮೀ. ವ್ಯತ್ಯಾಸ ಬಂತು. ಮೂರನೆಯದರಲ್ಲಿ ಅದು ಆರೋ ಏಳೋ ಇತ್ತು. ಯಾವ ಜಾಯಿಂಟ್ ಮೊದಲು, ಯಾವುದು ಆಮೇಲೆ ಅನ್ನುವುದರಲ್ಲಿದೆ ಗುಟ್ಟು. ಅದನ್ನು ಮಾತ್ರ ಬರೆಯೋದಿಲ್ಲ. ಮೂರು ಫ್ರೇಮು ಕೆಡಿಸಿ ಕಲಿತದ್ದು, ಬೇಕಾದವರು ಶೆಡ್ಡಿಗೆ ಬನ್ನಿ.

ಗಾಜಿನಂತೆ ಅಂಟಿದ್ದ ಬಿಳಿಗಾರ ಬಿಡಿಸಲು ಫ್ರೇಮಿನ ಒಂದೊಂದೇ ಮೂಲೆಯನ್ನು ಬಚ್ಚಲ ಹಂಡೆಯ ಬಿಸಿನೀರಲ್ಲಿ ಇಳಿಬಿಟ್ಟೆ. "ರೀ, ಇದು ಸ್ನಾನದ ಹಂಡೆ ಕಣ್ರೀ!" ಆ ದಿನ ಮನೆಯಲ್ಲಿ ಯಾರಿಗೂ ಸ್ನಾನವಿಲ್ಲ.

ಗ್ಯಾಸು, ಕಡ್ಡಿ, ಪೈಪು, ಪೇಂಟು ಸೇರಿ ನಾಲ್ಕನೆಯದಕ್ಕೆ 9,000 ಆಗಿರಬಹುದು. ಕೆಟ್ಟ ಮೂರರದ್ದೂ ಸೇರಿಸಿದರೆ 25,000 ಹತ್ತಿರ. ಮೊನ್ನೆ ಬೆಟ್ಟದ ಮೇಲೆ ಒಬ್ಬರು ಹನ್ನೆರಡು ಸಾವಿರಕ್ಕೆ ಕೇಳಿದರು. ಕೊಡಲಿಲ್ಲ.