ಎಸ್ಸೆಸ್ಸೆಲ್ಸಿ ಮುಗಿದ ಮೇಲೆ ಕಸುಬು ಕಲಿಯಲು ಅರ್ಜಿ ಹಾಕುವುದು ಹೇಗೆ?

"ಪ್ಲಸ್ ಒನ್‌ಗೆ ಅರ್ಜಿ ಹಾಕಿದ್ದೇನೆ, ಐಟಿಐ ಅದರಲ್ಲೇ ಬರುತ್ತದೆ ಅಲ್ವಾ?" ಕಾಸರಗೋಡು ಜಿಲ್ಲೆಯ ಬದಿಯಡ್ಕದ ನಮ್ಮ ನೆರೆಮನೆ ಹುಡುಗ ಕೇಳಿದ್ದ. ಬರುವುದಿಲ್ಲ, ಪ್ಲಸ್ ಒನ್ ಅಂದರೆ ಹನ್ನೊಂದನೇ ಕ್ಲಾಸು ಮಾತ್ರ. ಅದು ಗೊತ್ತಾಗುವ ಹೊತ್ತಿಗೆ ಐಟಿಐ ಅರ್ಜಿಯ ದಿನ ಮುಗಿದಿತ್ತು.

ಕೇರಳದಲ್ಲಿ ಕಸುಬು ಕಲಿಸುವ ಕೆಲಸ ಮೂರು ಇಲಾಖೆಗಳಲ್ಲಿ ಹಂಚಿಹೋಗಿದೆ. ವಿಎಚ್‌ಎಸ್‌ಇ (ಪ್ಲಸ್ ಟು ಮಟ್ಟದ ಕಸುಬಿನ ಕೋರ್ಸು) ಸಾಮಾನ್ಯ ಶಿಕ್ಷಣ ಇಲಾಖೆಯದು. ಐಟಿಐ ಕಾರ್ಮಿಕ ಇಲಾಖೆಯ ಕಡೆಗೆ ಬರುತ್ತದೆ. ಪಾಲಿಟೆಕ್ನಿಕ್ ಉನ್ನತ ಶಿಕ್ಷಣದ ಕೆಳಗಿನ ತಾಂತ್ರಿಕ ಶಿಕ್ಷಣ ನಿರ್ದೇಶನಾಲಯದ್ದು. ಹಾಗಾಗಿ ಅರ್ಜಿಯೂ ಮೂರು, ದಿನವೂ ಮೂರು.

ಮೊದಲು ಕಾಗದ ಪತ್ರ. ಜಾತಿ, ಆದಾಯ, ವಾಸದ ಸರ್ಟಿಫಿಕೇಟುಗಳನ್ನು ಫಲಿತಾಂಶಕ್ಕೆ ಮುಂಚೆಯೇ ಸರ್ಕಾರಿ ಅರ್ಜಿ ತುಂಬಿಕೊಡುವ ಅಕ್ಷಯ ಕೇಂದ್ರದಲ್ಲಿ ಅರ್ಜಿ ಕೊಟ್ಟು ಮಾಡಿಸಿಡಿ. ಇ-ಗ್ರಾಂಟ್ಸ್ ವಿದ್ಯಾರ್ಥಿವೇತನಕ್ಕೂ ಇವು ಬೇಕು.

ಆಮೇಲೆ ವಿಎಚ್‌ಎಸ್‌ಇ. ಇದು 1983ರಲ್ಲಿ ಶುರುವಾದದ್ದು. ಮೊಗ್ರಾಲ್, ಮುಳ್ಳೇರಿಯದ ಸರ್ಕಾರಿ ಶಾಲೆಗಳಲ್ಲೂ ಇದೆ. ಕಸುಬಿನ ಜೊತೆ ಸಿಗುವ ಸರ್ಟಿಫಿಕೇಟು ಪ್ಲಸ್ ಟುಗೆ ಸಮ, ಡಿಗ್ರಿಗೂ ಹೋಗಬಹುದು. ನಮ್ಮ ಕನ್ನಡ ಮಾಧ್ಯಮದ ಮಕ್ಕಳಿಗೆ ಒಂದು ವಿಷಯ ಯಾರೂ ಹೇಳುವುದಿಲ್ಲ: ಇಲ್ಲಿ ಎರಡನೇ ಭಾಷೆಯ ಪರೀಕ್ಷೆ ಇಲ್ಲ. ಇಂಗ್ಲಿಷ್, ಕಸುಬು, ಉದ್ಯಮಶೀಲತೆ, ಜೊತೆಗೆ ವಿಜ್ಞಾನ, ಕಾಮರ್ಸಿನಂಥ ವಿಷಯಗಳು, ಅಷ್ಟೇ. ಮಲಯಾಳಂ ಅಂದರೆ ಹೆದರುವವರಿಗೆ ಸಮಾಧಾನ. ಕನ್ನಡ ಹತ್ತನೇ ಕ್ಲಾಸಿಗೇ ಮುಗಿಯಿತಲ್ಲ ಅಂತ ನನಗೆ ಬೇಸರವೂ ಇದೆ.

ಈ ಕೋರ್ಸು ಇರುವ ಅನುದಾನಿತ ಶಾಲೆಗಳಲ್ಲಿ ಮೇಷ್ಟ್ರನ್ನು ನೇಮಿಸುವುದು ಆಡಳಿತ ಮಂಡಳಿ, ಸಂಬಳ ಕೊಡುವುದು ಸರ್ಕಾರ. ಶಾಲೆಗಳಿಗೆ ಕೇಂದ್ರ, ರಾಜ್ಯ ಸೇರಿ ಹಣ ಹಾಕುವ ಸಮಗ್ರ ಶಿಕ್ಷಾ ಯೋಜನೆಯಲ್ಲಿ ಕೇಂದ್ರದ ಪಾಲು 60, ರಾಜ್ಯದ್ದು 40. ಆಯ್ದ ಶಾಲೆಗಳನ್ನು ಮಾದರಿ ಶಾಲೆ ಮಾಡುವ ಕೇಂದ್ರದ ಪಿಎಂ ಶ್ರೀ ಯೋಜನೆಯ ಒಪ್ಪಂದದ ಜಗಳದಲ್ಲಿ ಈ ಕೇಂದ್ರದ ಪಾಲು ತಡೆದು ನಿಂತ ಸುದ್ದಿ ನೀವೂ ಓದಿರುತ್ತೀರಿ.

ಮೂರನೆಯದು ಐಟಿಐ. ವಿದ್ಯಾನಗರದಲ್ಲಿ ಇದೆ, ಕಯ್ಯೂರಿನಲ್ಲೂ ಇದೆ. ಕೆಲವು ಟ್ರೇಡುಗಳಿಗೆ, ಅಂದರೆ ಕಸುಬಿನ ಕೋರ್ಸುಗಳಿಗೆ, ಎಸ್ಸೆಸ್ಸೆಲ್ಸಿ ಫೇಲಾದವರೂ ಸೇರಬಹುದು. ಇಲ್ಲಿ ಸರ್ಕಾರದ ಎರಡು ಕೈ ಕೆಲಸ ಮಾಡುತ್ತವೆ. ಕಟ್ಟಡ, ಮೇಷ್ಟ್ರ ಸಂಬಳ ರಾಜ್ಯದ್ದು. ಎನ್‌ಸಿವಿಟಿ (ರಾಷ್ಟ್ರೀಯ ಮಂಡಳಿ ಒಪ್ಪಿದ) ಟ್ರೇಡಾದರೆ ಪಠ್ಯ, ಪರೀಕ್ಷೆ, ಸರ್ಟಿಫಿಕೇಟು ಕೇಂದ್ರದ್ದು. ಅದಕ್ಕೇ ಸೇರುವ ಮೊದಲು ಕೇಳಿ: ಈ ಟ್ರೇಡು ಎನ್‌ಸಿವಿಟಿಯೋ, ಎಸ್‌ಸಿವಿಟಿಯೋ? ಎರಡನೆಯದು ರಾಜ್ಯದ ಮಂಡಳಿಯದು. ತಲಪಾಡಿ ದಾಟಿ ಮಂಗಳೂರಿನಲ್ಲಿ ಕೆಲಸ ಹುಡುಕುವ ಗಡಿನಾಡಿನವರಿಗೆ ದೇಶವಿಡೀ ನಡೆಯುವ ಎನ್‌ಸಿವಿಟಿಯೇ ವಾಸಿ.

2025ರಲ್ಲಿ ಕೇಂದ್ರ ಸಂಪುಟ ಸಾವಿರ ಐಟಿಐಗಳನ್ನು ಸುಧಾರಿಸಲು 60,000 ಕೋಟಿ ರೂಪಾಯಿಯ ಯೋಜನೆ ಒಪ್ಪಿತು. ಕೇಂದ್ರ 30,000, ರಾಜ್ಯಗಳು 20,000, ಕಂಪನಿಗಳು 10,000 ಕೋಟಿ ಹಾಕಬೇಕು. ದುಡ್ಡು ಹಾಕಿದವರು ತಮಗೆ ಬೇಕಾದ ಟ್ರೇಡನ್ನೇ ಕೇಳುತ್ತಾರೆ. ದೊಡ್ಡ ಕಾರ್ಖಾನೆಗಳೇ ಕಡಿಮೆ ಇರುವ ನಮ್ಮ ಜಿಲ್ಲೆಯ ಪರವಾಗಿ ಕೇಳುವವರು ಯಾರು ಅನ್ನುವುದು ನನ್ನ ಅನುಮಾನ.

ಕೊನೆಗೆ ಪಾಲಿಟೆಕ್ನಿಕ್. ಪೆರಿಯ, ತೃಕ್ಕರಿಪುರದಲ್ಲಿ ಸರ್ಕಾರಿ ಕಾಲೇಜುಗಳಿವೆ. ಮೂರು ವರ್ಷದ ಡಿಪ್ಲೊಮಾ. ಈ ವರ್ಷ ಸೀಟು ಸಿಗದಿದ್ದರೆ ಸುಮ್ನೆ ಮನೆಯಲ್ಲಿ ಕೂರಬೇಡಿ. ವಿಎಚ್‌ಎಸ್‌ಇ ಅಥವಾ ಎರಡು ವರ್ಷದ ಐಟಿಐ ಮುಗಿಸಿ, ಬೇಕಾದಷ್ಟು ಅಂಕ ಇದ್ದರೆ, ಲ್ಯಾಟರಲ್ ಎಂಟ್ರಿಯಲ್ಲಿ ನೇರ ಎರಡನೇ ವರ್ಷಕ್ಕೆ ಅರ್ಜಿ ಹಾಕಬಹುದು.

ಅಕ್ಷಯ ಕೇಂದ್ರದಲ್ಲಿ ಒಂದು ಅರ್ಜಿ ತುಂಬಿ "ಆಯಿತು" ಅಂದರೆ ಎದ್ದು ಬರಬೇಡಿ. ಇನ್ನೆರಡರ ಕೊನೆಯ ದಿನ ಯಾವಾಗ ಅಂತ ಅಲ್ಲೇ ಕೇಳಿ, ಬರೆದುಕೊಳ್ಳಿ.