ಒಳಲೆ, ಚಮಚ ಮತ್ತು ರಾಗಿ ಸರಿ

ಮಗಳಿಗೆ ಆರು ತಿಂಗಳು ತುಂಬಿದ ವಾರವೇ ಅಮ್ಮ ಊರಿನಿಂದ ಎರಡು ಸೇರು ರಾಗಿ ಹಿಡಿದುಕೊಂಡು ಬಂದರು. ಜೊತೆಗೆ ನನಗೆ ಉಣಿಸಿದ್ದ ಬೆಳ್ಳಿಯ ಒಳಲೆ, ಮಕ್ಕಳ ಬಾಯಿಗೆ ಹಾಲು ಹಾಕುವ ಮೂತಿಯ ಪುಟ್ಟ ಪಾತ್ರೆ. ಅಲ್ಲಿಯವರೆಗೆ ಮಗುವಿಗೆ ಎದೆಹಾಲೊಂದೇ ಆಹಾರ, ನೀರು ಕೂಡ ಕುಡಿಸಿರಲಿಲ್ಲ.

ರಾಗಿಯ ಕಲ್ಲು ಆರಿಸಿ, ತೊಳೆದು, ರಾತ್ರಿಯಿಡೀ ನೆನೆಸಿದೆವು. ಬೆಳಿಗ್ಗೆ ಬಟ್ಟೆಯಲ್ಲಿ ಗಂಟು ಕಟ್ಟಿಟ್ಟರೆ ಮರುದಿನದ ಹೊತ್ತಿಗೆ ನೇಯ್ಗೆಯ ಸಂದಿಯಿಂದ ಬಿಳಿ ಮೊಳಕೆ ಇಣುಕುತ್ತಿತ್ತು. ನೆರಳಿನಲ್ಲಿ ಒಣಗಿಸಿ, ಘಮ್ಮೆನ್ನುವಷ್ಟು ಹುರಿದು, ಉಜ್ಜಿ ಮೊಳಕೆ ಉದುರಿಸಿ, ಗಿರಣಿಗೆ ಕೊಟ್ಟೆವು. ಸೋಸುವುದೇ ದೊಡ್ಡ ಕೆಲಸ. ಪಾತ್ರೆಯ ಬಾಯಿಗೆ ಹಳೆಯ ಪಂಚೆ ಬಿಗಿದು, ಹಿಟ್ಟನ್ನು ಅಂಗೈಯಿಂದ ಆಡಿಸುತ್ತಾ ಕುಳಿತರೆ ಅರ್ಧ ಗಂಟೆಗೆ ಒಂದು ಬಟ್ಟಲು. ಮೊಳಕೆ ಬರಿಸುವುದು ಬರೀ ಶಾಸ್ತ್ರಕ್ಕಲ್ಲ. ಆಗ ಹುಟ್ಟುವ ಅಮೈಲೇಸ್ ಕಿಣ್ವ ಪಿಷ್ಟವನ್ನು ಒಡೆಯುವುದರಿಂದ ಹಿಟ್ಟು ತುಸು ಹೆಚ್ಚೇ ಹಾಕಿದರೂ ರಾಗಿ ಸರಿ, ಅಂದರೆ ಮಗುವಿನ ಗಂಜಿ, ಮುದ್ದೆಗಟ್ಟುವುದಿಲ್ಲ.

ಮೊದಲ ದಿನ ಒಂದು ಚಮಚ ಹಿಟ್ಟನ್ನು ತಣ್ಣೀರಿನಲ್ಲಿ ಕದಡಿ, ಕೈಬಿಡದೆ ತಿರುವುತ್ತಾ ಬೇಯಿಸಿದೆ. ಆರಿದ ಮೇಲೆ ಹಿಂಡಿದ ಎದೆಹಾಲು ಬೆರೆಸಿದೆ. ಉಪ್ಪಿಲ್ಲ, ಬೆಲ್ಲವಿಲ್ಲ. ಚಮಚ ಬಾಯಿಗಿಟ್ಟದ್ದೇ ತಡ, ನಾಲಗೆ ಚಾಚಿ ಎಲ್ಲವನ್ನೂ ಗದ್ದಕ್ಕಿಳಿಸಿದಳು. ಬೇಡವೆಂದಲ್ಲ, ಹಾಲು ಚೀಪಿದ ನಾಲಗೆಗೆ ಒಳಗೆ ಎಳೆದುಕೊಳ್ಳುವ ಪಾಠ ಇನ್ನೂ ಆಗಿರಲಿಲ್ಲ. "ಕಾಲ ಮೇಲೆ ಮಲಗಿಸಿಕೊಂಡು ಒಳಲೆಯಲ್ಲಿ ಹಾಕು, ತಾನಾಗಿ ಇಳಿಯುತ್ತದೆ" ಎಂದರು ಅಮ್ಮ. ನಾವೆಲ್ಲ ಹಾಗೆಯೇ ಬೆಳೆದವರು, ನಿಜ. ಆದರೆ ಮಲಗಿದ ಮಗುವಿನ ಬಾಯಿಗೆ ಸುರಿದದ್ದು ಶ್ವಾಸನಾಳಕ್ಕೂ ಹೋಗಬಹುದು. ತೊಡೆಯ ಮೇಲೆ ನೆಟ್ಟಗೆ ಕೂರಿಸಿಕೊಂಡು ಚಮಚವನ್ನೇ ಹಿಡಿದೆ. ಜೇನುತುಪ್ಪ ನೆಕ್ಕಿಸುವ ಮಾತಿಗೂ ವರ್ಷ ತುಂಬುವವರೆಗೆ ಬೇಡವೆಂದೆ, ಬೊಟುಲಿಸಂ ಭಯ, ಜೇನಿನಲ್ಲಿರಬಹುದಾದ ಬ್ಯಾಕ್ಟೀರಿಯಾದಿಂದ ಹಸುಗೂಸುಗಳಿಗೆ ತಗಲುವ ವಿಷಬಾಧೆ. ಎರಡು ದಿನ ಮನೆಯಲ್ಲಿ ಮಾತು ಕಡಿಮೆಯಿತ್ತು.

ತಪ್ಪು ಮಾಡಿದ್ದು ಮಾತ್ರ ನಾನೇ. ಐದನೆಯ ದಿನ ಅವಳು ತಾನಾಗಿ ಬಾಯಿ ತೆರೆದಳೆಂಬ ಹಿಗ್ಗಿನಲ್ಲಿ ಸರಿಯನ್ನು ಗಟ್ಟಿಯಾಗಿ ಮಾಡಿ ಅರ್ಧ ಬಟ್ಟಲು ಉಣಿಸಿಬಿಟ್ಟೆ. ಮೂರು ದಿನ ಮಲವಿಸರ್ಜನೆಯಿಲ್ಲ, ತಿಣುಕಿ ಮುಖ ಕೆಂಪಾಗಿಸಿಕೊಂಡು ಅಳುತ್ತಿದ್ದಳು. ಮತ್ತೆ ತೆಳು ಸರಿ, ಎರಡೇ ಚಮಚ, ನಡುವೆ ಒಂದೆರಡು ಗುಟುಕು ನೀರು. ಆಮೇಲೆ ಮೊದಲು ಹಾಲೂಡಿಸಿ, ಗಂಟೆ ಬಿಟ್ಟು ಸರಿ ಕೊಡುವ ರೂಢಿ ಮಾಡಿಕೊಂಡೆ.

ರಾಗಿಯಲ್ಲಿ ಸುಣ್ಣದಂಶ ಧಾರಾಳ, 100 ಗ್ರಾಂಗೆ 300 ಮಿಲಿಗ್ರಾಂಗೂ ಹೆಚ್ಚು. ಆದರೆ ಈ ವಯಸ್ಸಿನಲ್ಲಿ ಮಗುವಿಗೆ ಬೇಕಾದ ಕಬ್ಬಿಣಾಂಶಕ್ಕೆ ಅದೊಂದನ್ನೇ ನಂಬಿ ಕೂರುವಂತಿಲ್ಲ. ಹಾಗಾಗಿ ಮೂರು ದಿನಕ್ಕೊಂದು ಹೊಸ ರುಚಿಯಂತೆ ಬೇಯಿಸಿ ಮಸೆದ ಹೆಸರುಬೇಳೆ, ಸಿಹಿಗುಂಬಳ, ಮೊಟ್ಟೆಯ ಹಳದಿ ಸೇರಿದವು. ಕುಂಬಳಕ್ಕೆ ಅವಳೇ ಚಮಚ ಕಸಿದುಕೊಂಡಳು.

ಒಳಲೆಯೂ ಈಗ ಅವಳದ್ದೇ. ನೆಲಕ್ಕೆ ಕುಟ್ಟಿ ಸದ್ದು ಮಾಡುತ್ತಾಳೆ, ಅಮ್ಮ ಪಕ್ಕದಲ್ಲಿ ಕುಳಿತು ಸೊಟ್ಟಗಾದೀತೆಂದು ಗೊಣಗುತ್ತಾರೆ.